ಬೆಳ್ಳಕ್ಕಿಯ ಗರಿ, ಗಾಜಿನ ಫಲಕ

ಬೆಳ್ಳಕ್ಕಿಯನ್ನು ನೋಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಉಳುವ ಎತ್ತಿನ ಹಿಂದೆ, ಈಗೀಗ ಟ್ರ್ಯಾಕ್ಟರಿನ ಹಿಂದೆ, ಕೆರೆಯ ಅಂಚಿನಲ್ಲಿ, ಅಳಿವೆಯ ಕೆಸರಿನಲ್ಲಿ ತಪಸ್ಸಿಗೆ ನಿಂತಂತೆ ನಿಲ್ಲುವ ಈ ಹಕ್ಕಿ ನಮಗೆ ಎಷ್ಟು ಪರಿಚಿತವೆಂದರೆ, ಪರಿಚಯದ ದೆಸೆಯಿಂದಲೇ ನಾವು ಅದನ್ನು ನೋಡುವುದನ್ನು ಬಿಟ್ಟಿದ್ದೇವೆ. ಸಂಜೆ ಸಾಲುಗಟ್ಟಿ ಹಾರುವ ಬೆಳ್ಳಕ್ಕಿಗಳಿಗೆ ಕೈಯುಗುರು ತೋರಿಸಿ, ಬಿಳಿ ಚುಕ್ಕೆ ಬಿತ್ತೇ ಎಂದು ನೋಡಿಕೊಳ್ಳುವ ಆಟ ನಮ್ಮ ಬಾಲ್ಯದಲ್ಲಿತ್ತು. ಚುಕ್ಕೆ ಬಿದ್ದರೆ ಅದೃಷ್ಟ. ಹಕ್ಕಿಯಿಂದ ನಾವು ಬಯಸಿದ್ದು ಅಷ್ಟೇ. ಇಂಥ ಬಡಪಾಯಿ ಹಕ್ಕಿಯ ಬೆನ್ನಿನ ಒಂದು ಹಿಡಿ ಗರಿಗಾಗಿ ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದಿಂದ ಆಸ್ಟ್ರೇಲಿಯಾದವರೆಗೆ ಬಂದೂಕುಗಳು ಸಿಡಿಯುತ್ತಿದ್ದವು ಎಂದರೆ ನನ್ನ ತರಗತಿಯ ಮಕ್ಕಳು ನಂಬುವುದಿಲ್ಲ. ಆ ಗರಿ ಏರುತ್ತಿದ್ದುದು ಹೆಂಗಸರ ಟೋಪಿಯ ಮೇಲೆ ಎಂದಾಗಲಂತೂ ಹೆಣ್ಣುಮಕ್ಕಳು ಕಿಸಕ್ಕನೆ ನಗುತ್ತಾರೆ.

ನಗುವ ಕಥೆಯಲ್ಲ ಅದು. ಮರಿ ಮಾಡುವ ಕಾಲ ಬಂದಾಗ ಬೆಳ್ಳಕ್ಕಿಯ ಬೆನ್ನಿನ ಮೇಲೆ ನೂಲಿನಂತೆ ನವಿರಾದ, ಗಾಳಿಗೆ ತೂಗುವ ಗರಿಗಳು ಮೂಡುತ್ತವೆ. ಮದುವೆಗೆ ಉಟ್ಟ ಸೀರೆಯಂತೆ ಅದು ಆ ಕಾಲದ ಅಲಂಕಾರ. ಕಾಲ ಕಳೆದ ಮೇಲೆ ಉದುರಿಹೋಗುತ್ತದೆ. ಉದುರಿದ ಗರಿ ಹರಿದು ಮಾಸಿರುತ್ತದೆ, ವ್ಯಾಪಾರಕ್ಕೆ ಒದಗುವುದಿಲ್ಲ. ಆದ್ದರಿಂದ ಬೇಟೆಗಾರ ಬರುತ್ತಿದ್ದುದು ಹಕ್ಕಿ ಗೂಡಿನ ಮೇಲೆ ಕುಳಿತಿರುವಾಗಲೇ. ಮರಿಗಳನ್ನು ಬಿಟ್ಟು ಹಾರಿಹೋಗಲಾರದ ತಾಯಿತಂದೆಯರನ್ನು ಹೊಡೆಯುವುದು ಸುಲಭವೂ ಹೌದು. ಬೆನ್ನಿನ ಚರ್ಮ ಕಿತ್ತುಕೊಂಡು ಉಳಿದದ್ದನ್ನು ಅಲ್ಲೇ ಎಸೆಯುತ್ತಿದ್ದರು. ಗೂಡಿನ ಮರಿಗಳು ಎರಡು ಮೂರು ದಿನ ಬಾಯಿ ತೆರೆದುಕೊಂಡು ಕಾದು, ಬಿಸಿಲಿಗೆ ಒಣಗಿ ಸಾಯುತ್ತಿದ್ದವು.

ಲಂಡನ್ನು ಈ ವ್ಯಾಪಾರದ ದೊಡ್ಡ ಮಂಡಿ. ೧೯೦೨ರ ಒಂದೇ ವರ್ಷದಲ್ಲಿ ಅಲ್ಲಿನ ಹರಾಜಿನಲ್ಲಿ ಬೆಳ್ಳಕ್ಕಿ ಜಾತಿಯ ಗರಿಗಳ ೧,೬೦೮ ಕಟ್ಟುಗಳು ಮಾರಾಟವಾದವು. ಕಟ್ಟಿಗೆ ಸುಮಾರು ೩೦ ಔನ್ಸ್ ತೂಕ. ಒಟ್ಟು ೪೮,೨೪೦ ಔನ್ಸ್. ಒಂದು ಔನ್ಸ್ ಗರಿಗೆ ನಾಲ್ಕು ಹಕ್ಕಿ ಬೇಕು. ಲೆಕ್ಕ ಮಾಡಿ ನೋಡಿದರೆ ೧,೯೨,೯೬೦ ಹಕ್ಕಿಗಳು. ಗೂಡಿನಲ್ಲಿ ಸತ್ತ ಮರಿಗಳೂ ಒಡೆದ ಮೊಟ್ಟೆಗಳೂ ಅದರ ಎರಡು ಮೂರು ಪಟ್ಟು. ಅಮೆರಿಕದ ಪ್ರಾಣಿತಜ್ಞ ವಿಲಿಯಂ ಹಾರ್ನಡೆ ೧೯೧೩ರ ತನ್ನ ಪುಸ್ತಕದಲ್ಲಿ ಈ ಲೆಕ್ಕವನ್ನು ಕೊಟ್ಟಿದ್ದಾನೆ. ನಮ್ಮ ದೇಶದಿಂದಲೂ ಗರಿ ಹೋಗುತ್ತಿತ್ತು. ೧೯೦೨ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಹಕ್ಕಿಯ ಗರಿ, ಚರ್ಮಗಳ ರಫ್ತನ್ನು ನಿಷೇಧಿಸಿತು. ನಿಷೇಧ ಬಂದ ಮೇಲೆ ಕಳ್ಳಸಾಗಣೆ ಶುರುವಾಯಿತು. ಸಿಂಧ್ ಪ್ರಾಂತದಲ್ಲಿ ಮೀನುಗಾರರು ಬೆಳ್ಳಕ್ಕಿಗಳನ್ನು ಕೋಳಿಗಳಂತೆ ಸಾಕಿ, ಕೊಲ್ಲದೆ ಗರಿ ಕೀಳುವುದನ್ನೂ ಕಲಿತರು. ಮಾರುಕಟ್ಟೆ ಎಂಬುದು ಬಾಗಿಲು ಮುಚ್ಚಿದರೆ ಕಿಟಕಿಯಿಂದ ಬರುತ್ತದೆ.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಟೋಪಿ ತೊಟ್ಟವರೂ ಹೆಂಗಸರು. ಆ ಟೋಪಿಯನ್ನು ಇಳಿಸಿ ಎಂದು ಮೊದಲು ಎದ್ದು ನಿಂತವರೂ ಹೆಂಗಸರು. ೧೮೮೯ರಲ್ಲಿ ಮ್ಯಾಂಚೆಸ್ಟರಿನ ಬಳಿಯ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಎಂಬ ಗೃಹಿಣಿ ತನ್ನ ಮನೆಯಲ್ಲೇ ಗೆಳತಿಯರನ್ನು ಕೂಡಿಸಿ ಹಕ್ಕಿಗಳ ರಕ್ಷಣೆಗೆ ಒಂದು ಸಂಘ ಕಟ್ಟಿದಳು. ಅದೇ ವರ್ಷ ದಕ್ಷಿಣದ ಕ್ರಾಯ್ಡನ್ನಿನಲ್ಲಿ ಎಲೈಜಾ ಫಿಲಿಪ್ಸ್ ಮತ್ತು ಎಟ್ಟಾ ಲೆಮನ್ ಎಂಬ ಹೆಂಗಸರ ಕೂಟವೂ ಇದೇ ಕೆಲಸಕ್ಕೆ ಇಳಿಯಿತು. ೧೮೯೧ರಲ್ಲಿ ಎರಡೂ ಸೇರಿ ಒಂದಾದವು. ಗರಿ ತೊಡುವುದಿಲ್ಲ ಎಂಬುದೇ ಸದಸ್ಯತ್ವದ ಮುಖ್ಯ ಷರತ್ತು. ಎಟ್ಟಾ ಲೆಮನ್ ಹುಡುಗಿಯಾಗಿದ್ದಾಗಲೇ ಚರ್ಚಿನಲ್ಲಿ ಗರಿಯ ಟೋಪಿ ಹಾಕಿಕೊಂಡು ಬಂದ ಹೆಂಗಸರ ಹೆಸರು ಗುರುತಿಟ್ಟುಕೊಂಡು, ನಿಮ್ಮ ತಲೆಯ ಮೇಲಿನ ಹಕ್ಕಿ ಹೇಗೆ ಸತ್ತಿತು ಗೊತ್ತೇ ಎಂದು ಅವರಿಗೆ ಕಾಗದ ಬರೆಯುತ್ತಿದ್ದಳಂತೆ. ದೇವಸ್ಥಾನದಲ್ಲಿ ಪಕ್ಕದವಳ ರೇಷ್ಮೆ ಸೀರೆ ನೋಡಿ ರೇಷ್ಮೆ ಹುಳದ ಕಥೆ ಹೇಳುವ ಹುಡುಗಿಯನ್ನು ನಾವು ಎಷ್ಟು ಮೆಚ್ಚುತ್ತಿದ್ದೆವೋ ಅಷ್ಟೇ ಅವಳನ್ನೂ ಮೆಚ್ಚಿರಬೇಕು! ಆದರೆ ಅವಳು ಬಿಡಲಿಲ್ಲ. ಆ ಸಂಘಕ್ಕೆ ೧೯೦೪ರಲ್ಲಿ ರಾಜಮನ್ನಣೆ ಸಿಕ್ಕಿತು. ಅಟ್ಲಾಂಟಿಕ್ ಸಾಗರದ ಆಚೆ ಬೋಸ್ಟನ್ನಿನಲ್ಲಿ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಅವಳ ಬಂಧು ಮಿನ್ನಾ ಹಾಲ್ ೧೮೯೬ರಲ್ಲಿ ಚಹಾಕೂಟಗಳನ್ನು ಏರ್ಪಡಿಸಿ ಶ್ರೀಮಂತ ಮನೆಯ ನೂರಾರು ಹೆಂಗಸರಿಂದ ಗರಿ ತೊಡೆವು ಎಂಬ ಮಾತು ಪಡೆದರು. ಮ್ಯಾಸಚೂಸೆಟ್ಸಿನ ಆಡುಬಾನ್ ಸಂಘ ಹುಟ್ಟಿದ್ದು ಹಾಗೆ.

ಚರಿತ್ರೆ ಸರಳರೇಖೆಯಲ್ಲಿ ಹೋಗುವುದಿಲ್ಲ ಎನ್ನುವುದಕ್ಕೆ ಒಂದು ಮಾತು. ಹಕ್ಕಿಗಾಗಿ ಇಷ್ಟು ಹೋರಾಡಿದ ಎಟ್ಟಾ ಲೆಮನ್ ಹೆಂಗಸರಿಗೆ ಮತದಾನದ ಹಕ್ಕು ಬೇಡ ಎನ್ನುವ ಪಕ್ಷದವಳು. ಮತದಾನದ ಹಕ್ಕಿಗಾಗಿ ಜೈಲು ಸೇರಿದ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಗರಿಯ ಟೋಪಿ ತೊಡುತ್ತಿದ್ದವಳು. ಯಾರನ್ನು ಮೆಚ್ಚುವುದು, ಯಾರನ್ನು ಬಿಡುವುದು ಎಂದು ಮಕ್ಕಳು ಕೇಳುತ್ತಾರೆ. ಇಬ್ಬರ ಒಳ್ಳೆಯ ಕೆಲಸದ ಫಲವನ್ನೂ ನಾವು ಉಣ್ಣುತ್ತಿದ್ದೇವೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ.

ಆದರೂ ಬರೀ ಮಾತಿನಿಂದ ಟೋಪಿ ಇಳಿಯಲಿಲ್ಲ. ಅಂಗಡಿಯವನು ಬಹಳ ಸುಲಭವಾಗಿ ಸುಳ್ಳು ಹೇಳುತ್ತಿದ್ದ. ಇದು ಹಕ್ಕಿ ತಾನಾಗಿ ಉದುರಿಸಿದ ಗರಿ, ಗೂಡಿನ ಕೆಳಗೆ ಆರಿಸಿದ್ದು ಎನ್ನುತ್ತಿದ್ದ. ಇಲ್ಲವೆ ಇದು ಗರಿಯೇ ಅಲ್ಲ, ಕೃತಕ ವಸ್ತು ಎನ್ನುತ್ತಿದ್ದ. ಕೊಳ್ಳುವವಳಿಗೂ ಅದನ್ನು ನಂಬುವುದು ಅನುಕೂಲ. ಹಕ್ಕಿ ಸಾಯುವ ಜೌಗು ಪ್ರದೇಶವೋ ಸಾವಿರಾರು ಮೈಲಿ ದೂರ. ಅಲ್ಲಿ ನಡೆದದ್ದನ್ನು ಲಂಡನ್ನಿನ ಬೀದಿಗೆ ತಂದು ತೋರಿಸಬಲ್ಲ ಸಾಕ್ಷಿ ಬೇಕಿತ್ತು. ಆ ಸಾಕ್ಷಿಯಾಗಿ ಬಂದದ್ದು ಕ್ಯಾಮೆರಾ.

ಆಗಿನ ಕ್ಯಾಮೆರಾವನ್ನು ಇಂದಿನ ಮೊಬೈಲಿನ ಮಕ್ಕಳು ಕಲ್ಪಿಸಿಕೊಳ್ಳಲಾರರು. ಮರದ ಪೆಟ್ಟಿಗೆ, ಚರ್ಮದ ಮಡಿಕೆ, ಮೂರು ಕಾಲಿನ ಸ್ಟ್ಯಾಂಡು, ಮೇಲೆ ಹೊದ್ದುಕೊಳ್ಳಲು ಕರಿಯ ಬಟ್ಟೆ. ಚಿತ್ರ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ. ೧೮೭೧ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಜೆಲಟಿನ್ ಸವರಿದ ಒಣ ಫಲಕದ ಉಪಾಯ ಹೇಳುವ ಮೊದಲು, ಫಲಕವನ್ನು ಒದ್ದೆಯಾಗಿರುವಾಗಲೇ ಬಳಸಿ ಅಲ್ಲಿಯೇ ತೊಳೆಯಬೇಕಿತ್ತು. ಕೆಸರಿನಲ್ಲಿ ನಿಂತು ಹಕ್ಕಿಯ ಚಿತ್ರ ತೆಗೆಯುವ ಮಾತೇ ಇರಲಿಲ್ಲ. ಒಣ ಫಲಕ ಬಂದ ಮೇಲೂ ಒಂದು ಫಲಕಕ್ಕೆ ಒಂದೇ ಚಿತ್ರ. ಹತ್ತು ಚಿತ್ರ ಬೇಕೆಂದರೆ ಹತ್ತು ಗಾಜು ಹೊರಬೇಕು. ಜಾರಿ ಬಿದ್ದರೆ ದಿನದ ಕೆಲಸವೆಲ್ಲ ಚೂರು. ದೂರದ್ದನ್ನು ಹತ್ತಿರ ಎಳೆಯುವ ಲೆನ್ಸು ಹೇಳಿಕೊಳ್ಳುವಂತಿರಲಿಲ್ಲವಾಗಿ ಮನುಷ್ಯನೇ ಹಕ್ಕಿಯ ಹತ್ತಿರ ಹೋಗಬೇಕು. ನೀರುಹಕ್ಕಿಗೋ ಬಯಲೇ ಮನೆ; ಮೈಲಿ ದೂರದಿಂದ ನಿಮ್ಮನ್ನು ಕಾಣುತ್ತದೆ.

೧೮೯೫ರಲ್ಲಿ ರೆಜಿನಾಲ್ಡ್ ಲಾಡ್ಜ್ ಎಂಬಾತ ಗೂಡಿನಲ್ಲಿ ಕಾವು ಕೊಡುತ್ತಿದ್ದ ಟಿಟ್ಟಿಭದ ಚಿತ್ರ ತೆಗೆದು ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಪದಕ ಪಡೆದ. ನಮ್ಮ ಟಿಟ್ಟಿಭದ ಬಂಧುವೇ ಅದು. ಪಂಚತಂತ್ರದಲ್ಲಿ ಸಮುದ್ರ ಕದ್ದೊಯ್ದ ತನ್ನ ಮೊಟ್ಟೆಗಳಿಗಾಗಿ ಸಮುದ್ರದ ಮೇಲೆಯೇ ಸಮರ ಸಾರಿದ ಹಕ್ಕಿಯ ವಂಶಕ್ಕೆ ಈ ಮೊದಲ ಮರ್ಯಾದೆ ಸಂದದ್ದು ನನಗೆ ಸಂತೋಷ. ಅದೇ ವರ್ಷ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು ಹಕ್ಕಿಗೂಡುಗಳ ಫೋಟೋಗಳಿದ್ದ ಪುಸ್ತಕವನ್ನು ಹೊರತಂದರು. ಹಕ್ಕಿ ಹೆದರದಿರಲಿ ಎಂದು ಇವರು ಎತ್ತಿನ ಚರ್ಮವನ್ನು ಟೊಳ್ಳಾಗಿ ಹೊಲಿದು, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕೂರುತ್ತಿದ್ದರು. ಯಕ್ಷಗಾನದ ಪ್ರಾಣಿವೇಷಗಳನ್ನು ನೋಡಿ ಬೆಳೆದ ನಮಗೆ ಇದು ಬಲು ಹತ್ತಿರದ ಉಪಾಯವೆನಿಸುತ್ತದೆ.

ಬೆಳ್ಳಕ್ಕಿಯ ಪಾಲಿಗೆ ಮುಖ್ಯನಾದವನು ಇವರಾರೂ ಅಲ್ಲ. ಆಸ್ಟ್ರೇಲಿಯಾದ ಆರ್ಥರ್ ಮ್ಯಾಟಿಂಗ್ಲೆ. ೧೯೦೬ರಲ್ಲಿ ನ್ಯೂ ಸೌತ್ ವೇಲ್ಸಿನ ಮಥೂರಾ ಬಳಿಯ ಜೌಗು ಕಾಡಿನಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿರುವುದನ್ನು ಕಂಡು, ಎತ್ತರದ ಮರ ಹತ್ತಿ ಚಿತ್ರ ತೆಗೆದ. ಕೆಲವು ವಾರ ಬಿಟ್ಟು ಬೆಳೆದ ಮರಿಗಳನ್ನು ನೋಡಲು ಮತ್ತೆ ಹೋದರೆ ದೊಡ್ಡ ಹಕ್ಕಿಗಳೆಲ್ಲ ಹೆಣವಾಗಿ ನೀರಿನಲ್ಲಿ ತೇಲುತ್ತಿದ್ದವು, ಬೆನ್ನಿನ ಚರ್ಮ ಮಾತ್ರ ಇರಲಿಲ್ಲ. ಗೂಡುಗಳಲ್ಲಿ ಮರಿಗಳು, ಪಕ್ಕದಲ್ಲಿ ಹಾರಿಹೋಗುವ ಬೇರೆ ಹಕ್ಕಿಗಳಿಗೆಲ್ಲ ಬಾಯಿ ತೆರೆದು ಬೇಡುತ್ತ, ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು. ಆತ ಅದನ್ನೂ ಫಲಕದ ಮೇಲೆ ಹಿಡಿದ. ಮೊದಲಿನ ಸುಖದ ಚಿತ್ರ, ಅನಂತರದ ಸಾವಿನ ಚಿತ್ರ. ಪಕ್ಕಪಕ್ಕ ಇಟ್ಟರೆ ಬೇರೆ ಭಾಷಣವೇ ಬೇಡ. ೧೯೦೭ರಲ್ಲಿ ಆಸ್ಟ್ರೇಲಿಯಾದ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾದ ಈ ಚಿತ್ರಗಳನ್ನು ಲಂಡನ್ನಿನ ಹಕ್ಕಿಸಂಘ ಬಿಡಲಿಲ್ಲ. ೧೯೧೧ರ ಜುಲೈ ತಿಂಗಳಲ್ಲಿ, ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ಗದ್ದಲವಿರುವಾಗ, ಈ ಚಿತ್ರಗಳನ್ನು ಹಲಗೆಗೆ ಹಚ್ಚಿ, ಎದೆಗೂ ಬೆನ್ನಿಗೂ ಹಲಗೆ ತೂಗುಹಾಕಿಕೊಂಡ ಆಳುಗಳನ್ನು ಟೋಪಿ ಅಂಗಡಿಗಳ ಬೀದಿಯಲ್ಲೇ ಸಾಲಾಗಿ ನಡೆಸಿತು. ಗರಿ ಕೊಳ್ಳಲು ಬಂದವಳು ಗರಿಯ ಬೆಲೆಯನ್ನು ಬೀದಿಯಲ್ಲೇ ಕಂಡಳು. ತಾಯಿಯಾದವಳು ಆ ಮರಿಗಳ ಚಿತ್ರ ನೋಡಿ ಮರೆಯುವುದು ಹೇಗೆ? ಗರಿಯ ಆಮದನ್ನು ನಿಷೇಧಿಸುವ ಕಾಯಿದೆ ಬ್ರಿಟನ್ನಿನಲ್ಲಿ ಆದದ್ದು ೧೯೨೧ರಲ್ಲಿ. ನಡುವೆ ಮಹಾಯುದ್ಧ ಬಂದಿತ್ತು, ಕೂದಲು ಗಿಡ್ಡವಾಗಿತ್ತು, ಟೋಪಿಯೂ ಸಣ್ಣದಾಗಿತ್ತು. ಎಲ್ಲವೂ ಸೇರಿ ಆದ ಕೆಲಸ. ಆದರೂ ಚಿತ್ರದ ಪಾಲು ಸಣ್ಣದಲ್ಲ.

ಕಡಲಹಕ್ಕಿಗಳಿಗೂ ಚಿತ್ರ ಹೀಗೆಯೇ ಕಾವಲಾಯಿತು. ಅಮೆರಿಕದ ಪಶ್ಚಿಮ ತೀರದ ಆರೆಗನ್ನಿನಲ್ಲಿ ವಿಲಿಯಂ ಫಿನ್ಲೆ, ಹರ್ಮನ್ ಬೋಲ್ಮನ್ ಎಂಬ ಗೆಳೆಯರು ಗಾಜಿನ ಫಲಕಗಳನ್ನು ಹೊತ್ತು, ಅಲೆ ಬಡಿಯುವ ತ್ರೀ ಆರ್ಚ್ ರಾಕ್ಸ್ ಎಂಬ ಬಂಡೆದ್ವೀಪಗಳನ್ನು ೧೯೦೩ರಲ್ಲಿ ಹತ್ತಿ ಅಲ್ಲಿನ ಕಡಲಹಕ್ಕಿಗಳ ಚಿತ್ರ ತೆಗೆದರು. ಮೋಜಿಗಾಗಿ ದೋಣಿಯಲ್ಲಿ ಬಂದು ಆ ಹಕ್ಕಿಗಳನ್ನು ಹೊಡೆದು ಬೀಳಿಸುವವರಿದ್ದ ಕಾಲ ಅದು. ಚಿತ್ರಗಳು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರನ್ನು ಮುಟ್ಟಿದವು. ೧೯೦೭ರಲ್ಲಿ ಆ ಬಂಡೆಗಳು ಪಕ್ಷಿಧಾಮವಾದವು. ಎಲ್ಲ ಕಡೆ ಇಷ್ಟು ಸುಲಭವಾಗಲಿಲ್ಲ. ಫ್ಲಾರಿಡಾದ ಜೌಗಿನಲ್ಲಿ ಬೆಳ್ಳಕ್ಕಿಗಳ ಕಾವಲಿಗಿದ್ದ ಗೈ ಬ್ರಾಡ್ಲಿ ಎಂಬ ಯುವಕನನ್ನು ೧೯೦೫ರಲ್ಲಿ ಗುಂಡಿಟ್ಟು ಕೊಂದರು. ಹಕ್ಕಿಯ ಗರಿಗೆ ಮನುಷ್ಯನ ರಕ್ತವೂ ಅಂಟಿದೆ.

ಇವರೆಲ್ಲರ ನಡುವೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಎಮ್ಮಾ ಲೂಯಿಸಾ ಟರ್ನರ್ ಎಂಬವಳ ಬಳಿ. ೧೮೬೭ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ದಿನಸಿ ಮತ್ತು ಬಟ್ಟೆ ಅಂಗಡಿಯವನ ಮಗಳಾಗಿ ಹುಟ್ಟಿದವಳು. ಪದವಿಯಿಲ್ಲ. ಮದುವೆಯಾಗಲಿಲ್ಲ. ೧೯೦೦ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಆಗಲೇ ಹೇಳಿದ ಎತ್ತಿನ ಹೊಟ್ಟೆಯ ರಿಚರ್ಡ್ ಕಿಯರ್ಟನ್‌ನನ್ನು ಭೇಟಿಯಾದ ಮೇಲೆ ಅವಳು ಕ್ಯಾಮೆರಾ ಹಿಡಿದಳು. ನಮ್ಮ ಕಡೆ ಮೂವತ್ತಮೂರು ಎಂದರೆ ಹೆಣ್ಣಿನ ಕಥೆ ಮುಗಿಯಿತು ಎಂದು ಲೆಕ್ಕ. ಅವಳದ್ದು ಅಲ್ಲಿಂದ ಶುರುವಾಯಿತು.

ಇಲ್ಲಿ ಒಂದು ಮನೆಯ ಮಾತು ಹೇಳಬೇಕು. ನನ್ನ ಚಿಕ್ಕಂದಿನಲ್ಲಿ ಸೋದರಮಾವ ಒಬ್ಬರ ಬಳಿ ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ರೀಲಿಗೆ ಹನ್ನೆರಡು ಚಿತ್ರ. ಹಬ್ಬಕ್ಕೋ ಮದುವೆಗೋ ಅದು ಹೊರಬರುತ್ತಿತ್ತು. ಅದನ್ನು ಹೆಂಗಸರ ಕೈಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಹಾಳುಮಾಡಿಬಿಡುತ್ತಾರೆ ಎಂಬ ಭಯ. ನಮ್ಮ ಕೆಲಸ ಸೆರಗು ಸರಿಮಾಡಿಕೊಂಡು ಎದುರಿಗೆ ನಿಲ್ಲುವುದು. ನಾವು ಲೆನ್ಸಿನ ಈ ಬದಿಯವರು, ನೋಡಿಸಿಕೊಳ್ಳುವವರು, ನೋಡುವವರಲ್ಲ. ಅದಕ್ಕೂ ಎಪ್ಪತ್ತು ಎಂಬತ್ತು ವರ್ಷ ಮೊದಲು ಒಬ್ಬ ಹೆಂಗಸು ಉದ್ದ ಲಂಗ, ಭಾರದ ಬೂಟು ತೊಟ್ಟು, ಗಾಜಿನ ಫಲಕಗಳನ್ನು ದೋಣಿಗೆ ಹೇರಿಕೊಂಡು ಜೊಂಡಿನ ನಡುವೆ ಹೋಗಿ ಹಕ್ಕಿಗಾಗಿ ಕಾದಳಲ್ಲ ಎಂದು ಓದಿದಾಗ, ಆ ಹಕ್ಕಿಗಿಂತ ಅವಳನ್ನೇ ನಾನು ಹೆಚ್ಚು ಬೆರಗಿನಿಂದ ನೋಡಿದೆ.

ಅವಳ ಕಾರ್ಯಕ್ಷೇತ್ರ ನಾರ್ಫೋಕ್ ಪ್ರಾಂತದ ಬ್ರಾಡ್ಸ್ ಎಂಬ ಜಲಪ್ರದೇಶ. ಸಮುದ್ರಕ್ಕೆ ಹತ್ತಿರ, ಆಳವಿಲ್ಲದ ಕೆರೆಗಳು, ಕಾಲುವೆಗಳು, ಆಳೆತ್ತರದ ಜೊಂಡು. ಹಿಕ್ಲಿಂಗ್ ಎಂಬ ಕೆರೆಯಲ್ಲಿ ಅವಳದ್ದೊಂದು ಮನೆದೋಣಿ. ಆ ಪ್ರದೇಶದಲ್ಲಿ ತಾನು ಮೊದಲು ಚಿತ್ರ ತೆಗೆದ ಹಕ್ಕಿಯ ಹೆಸರನ್ನೇ, ವಾಟರ್ ರೇಲ್ ಎಂದು, ಅದಕ್ಕೆ ಇಟ್ಟಿದ್ದಳು. ನಮ್ಮ ಹುಂಡುಕೋಳಿಯ ಸಂಬಂಧಿ ಅದು. ಜೊಂಡಿನೊಳಗೆ ಕೂಗು ಕೇಳಿಸುತ್ತದೆ, ಮೈ ಕಾಣಿಸುವುದಿಲ್ಲ. ಪಕ್ಕದ ಪುಟ್ಟ ನಡುಗಡ್ಡೆಯಲ್ಲಿ ಒಂದು ಗುಡಿಸಲು. ಸುಮಾರು ಇಪ್ಪತ್ತೈದು ವರ್ಷ, ಪ್ರತಿ ವರ್ಷದ ಕೆಲವು ಭಾಗವನ್ನು ಅವಳು ಇಲ್ಲಿ ಕಳೆದಳು. ಗುಳುಮುಳುಕನ ದೊಡ್ಡ ಬಂಧುವಾದ ಜುಟ್ಟಿನ ಗ್ರೀಬ್ ಹಕ್ಕಿಯ ಚಿತ್ರ ಅವಳಿಗೆ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಚಿನ್ನದ ಪದಕ ತಂದಿತು. ಆ ಗ್ರೀಬ್ ಕೂಡ ತನ್ನ ಎದೆಯ ರೇಷ್ಮೆಯಂಥ ತುಪ್ಪಳಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನಿಂದ ಅಳಿದೇಹೋಗುವುದರಲ್ಲಿದ್ದ ಹಕ್ಕಿ. ಲಿನ್ನೇಯನ್ ಸೊಸೈಟಿ ಎಂಬ ಹಳೆಯ ವಿಜ್ಞಾನ ಸಂಸ್ಥೆ ಮೊದಲ ಬಾರಿಗೆ ಹೆಂಗಸರಿಗೆ ಬಾಗಿಲು ತೆರೆದಾಗ ಒಳಹೋದ ಮೊದಲ ತಂಡದಲ್ಲಿ ಎಮ್ಮಾ ಇದ್ದಳು. ತನ್ನ ಚಿತ್ರಗಳನ್ನು ಲಾಂದ್ರದ ಬೆಳಕಿನಲ್ಲಿ ಪರದೆಯ ಮೇಲೆ ಬಿಟ್ಟು ಊರೂರಲ್ಲಿ ಉಪನ್ಯಾಸ ಕೊಟ್ಟು ಅದರಿಂದಲೇ ಜೀವನ ನಡೆಸಿದಳು. ಒಟ್ಟು ಎಂಟು ಪುಸ್ತಕ ಬರೆದಳು.

೧೯೧೧ರ ಜುಲೈ. ಲಂಡನ್ನಿನ ಬೀದಿಯಲ್ಲಿ ಬೆಳ್ಳಕ್ಕಿಯ ಹಲಗೆಗಳು ನಡೆಯುತ್ತಿದ್ದ ಅದೇ ತಿಂಗಳು. ಬಿಟರ್ನ್ ಎಂಬ ಹಕ್ಕಿ, ನಮ್ಮ ಪಕ್ಷಿ ಪುಸ್ತಕಗಳು ಗುಪ್ಪಿ ಎಂದು ಕರೆಯುವ ಜಾತಿಯದು, ಬ್ರಿಟನ್ನಿನಲ್ಲಿ ಮರಿ ಮಾಡುವುದನ್ನು ನಿಲ್ಲಿಸಿ ಕಾಲು ಶತಮಾನವಾಗಿತ್ತು. ಜೌಗು ಬತ್ತಿಸಿ ಹೊಲ ಮಾಡಿದ್ದು ಒಂದು ಕಾರಣ, ಬಂದೂಕು ಮತ್ತೊಂದು. ಒಣ ಜೊಂಡಿನ ಬಣ್ಣದ ಈ ಹಕ್ಕಿ ಅಪಾಯ ಕಂಡರೆ ಕೊಕ್ಕನ್ನು ಆಕಾಶಕ್ಕೆ ಎತ್ತಿ ತಾನೂ ಒಂದು ಜೊಂಡಾಗಿ ನಿಂತುಬಿಡುತ್ತದೆ. ಎಮ್ಮಾ ಮತ್ತು ಅಲ್ಲಿನ ಕಾವಲುಗಾರ ಜಿಮ್ ವಿನ್ಸೆಂಟ್ ಅಂದು ಜೊಂಡಿನ ನಡುವೆ ಒಂದು ಬಿಟರ್ನ್ ಮರಿಯನ್ನು ಕಂಡುಹಿಡಿದರು. ಎಮ್ಮಾ ಅದರ ಚಿತ್ರ ತೆಗೆದಳು. ಹಕ್ಕಿ ಮರಳಿ ಬಂದಿದೆ ಎನ್ನುವುದಕ್ಕೆ ಅದೇ ಮೊದಲ ಪುರಾವೆ. ಬಂದೂಕಿನ ಕಾಲದಲ್ಲಿ ಅಪರೂಪದ ಹಕ್ಕಿಯನ್ನು ನೋಡಿದೆ ಎಂದು ಸಾಧಿಸಲು ಅದನ್ನು ಹೊಡೆದು ಹೆಣ ತೋರಿಸಬೇಕಿತ್ತು. ಈಗ ಹಕ್ಕಿ ಜೊಂಡಿನಲ್ಲೇ ಉಳಿದು, ಅದರ ನೆರಳು ಮಾತ್ರ ಗಾಜಿನ ಮೇಲೆ ಬಂದಿತು. ಈ ಒಂದು ಬದಲಾವಣೆ ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲಾದರೂ ಬರಬೇಕಾದದ್ದು ಎಂದು ನನ್ನ ಅಭಿಪ್ರಾಯ. ಅಂದ ಹಾಗೆ, ಹಿಕ್ಲಿಂಗಿನ ಹಕ್ಕಿಗಳ ಬಗ್ಗೆ ಆಸ್ಥೆ ವಹಿಸಿದವರಲ್ಲಿ ಎಡ್ವಿನ್ ಮಾಂಟೆಗ್ಯು ಒಬ್ಬ. ಹತ್ತನೆಯ ತರಗತಿಯಲ್ಲಿ ಮಾಂಟೆಗ್ಯು–ಚೆಲ್ಮ್ಸ್‌ಫರ್ಡ್ ಸುಧಾರಣೆ ಎಂದು ನಾವೆಲ್ಲ ಬಾಯಿಪಾಠ ಮಾಡಿದೆವಲ್ಲ, ಅದೇ ಮಾಂಟೆಗ್ಯು. ದ್ವಿಸರ್ಕಾರ ಪದ್ಧತಿಯ ಜತೆಗೆ ಅವನಿಗೆ ಬಿಟರ್ನ್ ಹಕ್ಕಿಯೂ ಗೊತ್ತಿತ್ತು ಎಂದರೆ ಮಕ್ಕಳಿಗೆ ಆ ಪಾಠ ಸ್ವಲ್ಪ ಹಗುರವಾಗುತ್ತದೆ.

ಎಮ್ಮಾಳ ಬದುಕಿನ ಇನ್ನೊಂದು ಘಟ್ಟ ಕಡಲ ನಡುವಿನದು. ನಾರ್ಫೋಕ್ ತೀರದಲ್ಲಿ ಸ್ಕಾಲ್ಟ್ ಹೆಡ್ ಎಂಬ ಮರಳು ದಿಬ್ಬಗಳ ದ್ವೀಪವಿದೆ. ೧೯೨೩ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ ಅದನ್ನು ಕೊಂಡು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ರೀವ ಹಕ್ಕಿಗಳು, ಇಂಗ್ಲಿಷಿನವರು ಟರ್ನ್ ಎನ್ನುವವು, ಅಲ್ಲಿ ಮರಿ ಮಾಡುತ್ತವೆ. ರೀವಕ್ಕೆ ಗೂಡು ಎಂಬುದೇ ಇಲ್ಲವೆನ್ನಬಹುದು; ಬರಿಯ ಮರಳಿನಲ್ಲಿ, ಕಪ್ಪೆಚಿಪ್ಪುಗಳ ನಡುವೆ ಒಂದು ತಗ್ಗು ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಮೇಲಿನ ಚುಕ್ಕೆಗಳು ಮರಳಿನ ಬಣ್ಣಕ್ಕೆ ಎಷ್ಟು ಹೊಂದುತ್ತವೆಂದರೆ ನೋಡುತ್ತಿದ್ದಂತೆಯೇ ತುಳಿದುಬಿಡಬಹುದು. ಮೊಟ್ಟೆ ಸಂಗ್ರಹಿಸುವ ಹವ್ಯಾಸಿಗಳ ಕಾಟ ಬೇರೆ. ಮರಿ ಮಾಡುವ ತಿಂಗಳುಗಳಲ್ಲಿ ಅಲ್ಲಿದ್ದು ಕಾಯುವವರು ಯಾರೂ ಸಿಕ್ಕುತ್ತಿಲ್ಲ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದುದು ಎಮ್ಮಾಳ ಕಿವಿಗೆ ಬಿತ್ತು. ನಾನು ಹೋಗುತ್ತೇನೆ ಎಂದಳು. ಅವಳಿಗಾಗ ವಯಸ್ಸು ಐವತ್ತಾರು–ಐವತ್ತೇಳು. ೧೯೨೪ರಲ್ಲೂ ೧೯೨೫ರಲ್ಲೂ ಆ ದ್ವೀಪದ ಗುಡಿಸಲಿನಲ್ಲಿ ಉಳಿದು ರೀವಗಳನ್ನು ಕಾದಳು. ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿ. ಇಂಗ್ಲೆಂಡಿನ ಅತ್ಯಂತ ಒಂಟಿ ಹೆಂಗಸು ಎಂದು ಅವಳಿಗೆ ಹೆಸರಿಟ್ಟವು.

ನಾನೂ ಐವತ್ತು ದಾಟಿದವಳು. ಆ ಹೆಸರಿನ ಮುಂದೆ ಸ್ವಲ್ಪ ಹೊತ್ತು ಕುಳಿತೆ. ಗಂಡಸೊಬ್ಬ ದ್ವೀಪದಲ್ಲಿ ಹೀಗೆ ಇದ್ದಿದ್ದರೆ ಅವನನ್ನು ಸಾಹಸಿ ಎನ್ನುತ್ತಿದ್ದರು, ವಿಜ್ಞಾನಿ ಎನ್ನುತ್ತಿದ್ದರು. ನಮ್ಮಲ್ಲಾಗಿದ್ದರೆ ತಪಸ್ವಿ ಎಂದು ಕಾಲಿಗೆ ಬೀಳುತ್ತಿದ್ದರು. ಹೆಂಗಸಾದರೆ ಒಂಟಿ. ಅವಳ ಸುತ್ತ ಸಾವಿರಾರು ರೆಕ್ಕೆಗಳು, ಹಗಲಿಡೀ ಕೂಗು, ಏರಿಳಿಯುವ ಕಡಲು, ಕೈತುಂಬ ಕೆಲಸ. ಮನೆತುಂಬ ಜನರಿದ್ದೂ ಯಾರೂ ಮಾತಾಡಿಸದ ಹೆಂಗಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂಟಿತನ ಎಲ್ಲಿರುತ್ತದೆ ಎಂಬುದು ಪತ್ರಿಕೆಯವರಿಗೆ ಅಷ್ಟು ಸುಲಭವಾಗಿ ಗೊತ್ತಾಗುವ ಸಂಗತಿಯಲ್ಲ.

ಈ ಕಥೆಯನ್ನು ನಮ್ಮ ಕಡಲಂಚಿಗೆ ತಂದು ನೋಡದೆ ಇರಲು ನನಗೆ ಆಗುವುದಿಲ್ಲ. ಕುಮಟೆಯ ಬಳಿ ಅರಬ್ಬಿ ಸಮುದ್ರ ಸೇರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಅದರ ಅಳಿವೆ ೨೦೨೪ರ ಜನವರಿಯಲ್ಲಿ ರಾಮ್‌ಸಾರ್ ತಾಣವೆಂದು ಅಂತಾರಾಷ್ಟ್ರೀಯ ಮನ್ನಣೆ ಪಡೆಯಿತು. ನಮ್ಮ ರಾಜ್ಯದ ಮೊದಲ ರಾಮ್‌ಸಾರ್ ತಾಣ ೨೦೨೨ರಲ್ಲಿ ಹೆಸರಾದ ರಂಗನತಿಟ್ಟು. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ನೀರಿಳಿದಾಗ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೆಸರಿಗಿಳಿದು ಬಳಚು ಆರಿಸುತ್ತಾರೆ. ಅದೇ ಕೆಸರಿನಲ್ಲಿ, ಹತ್ತು ಮಾರು ಆಚೆ, ಸೈಬೀರಿಯಾದಿಂದಲೂ ಮಧ್ಯ ಏಷ್ಯಾದ ಎತ್ತರದ ಬಯಲುಗಳಿಂದಲೂ ಚಳಿಗಾಲಕ್ಕೆ ಬಂದ ಗೊರವಗಳು ಹುಳು ಹೆಕ್ಕುತ್ತವೆ. ನೀರು ಇಳಿದಾಗ ಎರಡು ಜೀವಗಳಿಗೂ ಊಟ. ನೀರು ಏರಿದಾಗ ಇಬ್ಬರೂ ದಡಕ್ಕೆ. ಹೆಂಗಸರು ಹಕ್ಕಿಗಳನ್ನು ನೋಡುವುದಿಲ್ಲ, ಹಕ್ಕಿಗಳು ಹೆಂಗಸರಿಗೆ ಹೆದರುವುದಿಲ್ಲ. ಇದೂ ಒಂದು ಬಗೆಯ ಸ್ನೇಹವೇ.

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದಾಗ ಅಲ್ಲಿ ಒಂದು ದೃಶ್ಯ ಕಂಡೆ. ತೋಳುದ್ದದ ಲೆನ್ಸು ಹಿಡಿದ ಒಬ್ಬರು, ದಿಬ್ಬದ ಮೇಲೆ ಒತ್ತಾಗಿ ಕುಳಿತು ವಿಶ್ರಮಿಸುತ್ತಿದ್ದ ಗೊರವ, ರೀವಗಳ ಹಿಂಡಿನತ್ತ ಹುಡುಗನೊಬ್ಬನಿಂದ ಕಲ್ಲು ಹೊಡೆಸುತ್ತಿದ್ದರು. ಹಿಂಡು ಒಮ್ಮೆಲೆ ಎದ್ದು ಆಕಾಶದಲ್ಲಿ ಬೆಳ್ಳಗೆ ಹೊರಳಿದಾಗ ಚಿತ್ರ ಚೆನ್ನಾಗಿ ಬರುತ್ತದೆ. ಹಕ್ಕಿಗಳು ಇಳಿದವು, ಮತ್ತೆ ಕಲ್ಲು. ಮೂರನೆಯ ಸಲಕ್ಕೆ ನಮ್ಮ ಏಳನೆಯ ತರಗತಿಯ ಹುಡುಗಿಯೊಬ್ಬಳು ಹೋಗಿ, ಅವು ಮಲಗಿದ್ದವಲ್ಲಾ ಸಾರ್ ಎಂದಳು. ಅವರು ನಕ್ಕು, ಹಾಳೇನಾಯಿತು, ಹಾರುವುದೇ ಹಕ್ಕಿಯ ಕೆಲಸ ಎಂದರು.

ಹಾಳಾಗುವುದು ಇಷ್ಟು: ಆ ಪುಟ್ಟ ಗೊರವದ ತೂಕ ಅರುವತ್ತು ಗ್ರಾಂ ಆಸುಪಾಸು. ಬೇಸಗೆಯ ಹೊತ್ತಿಗೆ ಅದು ಸಾವಿರಾರು ಕಿಲೋಮೀಟರು ಹಾರಿ ಮರಳಬೇಕು. ಆ ದಾರಿಯ ಬುತ್ತಿಯನ್ನು ಅದು ಕೈಯಲ್ಲಿ ಒಯ್ಯುವುದಿಲ್ಲ, ಕೊಬ್ಬಾಗಿ ಮೈಯಲ್ಲೇ ತುಂಬಿಕೊಳ್ಳುತ್ತದೆ. ತಿನ್ನಲು ಸಿಗುವುದು ನೀರಿಳಿದ ಕೆಲವೇ ಗಂಟೆ. ಉಳಿದ ಹೊತ್ತು ಸುಮ್ಮನಿದ್ದು ಅದನ್ನು ಉಳಿಸಿಕೊಳ್ಳಬೇಕು. ಒಂದೊಂದು ಸಲ ಎಬ್ಬಿಸಿದಾಗಲೂ ಬುತ್ತಿಯ ಒಂದು ತುತ್ತು ಖರ್ಚು. ಗೂಡಿನ ಕಾಲವಾದರೆ ಇನ್ನೂ ಕಷ್ಟ. ತಾಯಿ ಎದ್ದುಹೋದ ಐದು ಹತ್ತು ನಿಮಿಷದಲ್ಲಿ ಸುಡುವ ಮರಳಿನ ಮೇಲಿನ ಮೊಟ್ಟೆ ಬೇಯುತ್ತದೆ, ಇಲ್ಲವೆ ಕಾಗೆಯ ಪಾಲಾಗುತ್ತದೆ. ಬಂದೂಕಿನ ಬದಲಿಗೆ ಬಂದ ಕ್ಯಾಮೆರಾ ಕಲ್ಲಿನ ಸ್ನೇಹ ಮಾಡಿದರೆ ಹಕ್ಕಿಗೆ ಏನು ಲಾಭ? ಹಳಬರೆಲ್ಲ ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ಗೂಡಿನ ಸುತ್ತಲ ಹುಲ್ಲು ಸರಿಸಿ ಚಿತ್ರ ತೆಗೆಯುವ ರೂಢಿ ಆಗ ಸಾಮಾನ್ಯವಾಗಿತ್ತು. ಆದರೆ ಒಂದು ಗಾಜಿಗೆ ಒಂದೇ ಚಿತ್ರ ಎಂಬ ಬಡತನ ಅವರಿಗೆ ಕಾಯುವುದನ್ನು ಕಲಿಸಿತ್ತು. ನಮ್ಮ ಶ್ರೀಮಂತಿಕೆ ಅದನ್ನು ಮರೆಸುತ್ತಿದೆ.

ಹಾಗೆಂದು ಕ್ಯಾಮೆರಾ ಬೇಡವೆನ್ನಲಾದೀತೆ? ಇಂದೂ ಒಂದು ಅಳಿವೆಯನ್ನೋ ಕೆರೆಯನ್ನೋ ತುಂಬಿಸಿ ಬೇರೇನೋ ಕಟ್ಟುತ್ತೇವೆಂದು ಹೊರಟಾಗ, ಅಲ್ಲಿ ಏನಿದೆ ಮಹಾ, ಬರೀ ಕೆಸರು ಎನ್ನುವ ಮಾತಿಗೆ ಉತ್ತರ ಕೊಡುವುದು ಚಿತ್ರವೇ. ಮ್ಯಾಟಿಂಗ್ಲೆ ಮರ ಹತ್ತದಿದ್ದರೆ ಅಂಗಡಿಯವನ ಸುಳ್ಳು ಇನ್ನಷ್ಟು ವರ್ಷ ನಡೆಯುತ್ತಿತ್ತು. ನಮ್ಮ ಹೆಣ್ಣುಮಕ್ಕಳ ಕೈಯಲ್ಲೂ ಈಗ ಕ್ಯಾಮೆರಾ ಇದೆ, ಮೊಬೈಲಿನ ರೂಪದಲ್ಲಿ. ಕಲ್ಲಿನ ವಿರುದ್ಧ ಮಾತಾಡಿದ ಆ ಹುಡುಗಿ ತನ್ನ ಅಕ್ಕನ ಮೊಬೈಲಿನಲ್ಲಿ ತೆಗೆದ ಚಿತ್ರ ನನಗೆ ತೋರಿಸಿದಳು. ದೂರದಲ್ಲಿ ಸಾಸಿವೆಯಷ್ಟು ಹಕ್ಕಿಗಳು, ಮುಂದೆ ಬಳಚಿನ ಬುಟ್ಟಿ ಹೊತ್ತ ಹೆಂಗಸಿನ ಬೆನ್ನು. ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬರಲಾರದು. ಆದರೆ ಹಕ್ಕಿಗಳು ಕುಳಿತೇ ಇವೆ.

ಎಮ್ಮಾ ಟರ್ನರ್ ತೀರಿಕೊಂಡದ್ದು ೧೯೪೦ರ ಆಗಸ್ಟಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಕಣ್ಣಿನ ಪೊರೆಯಿಂದ ದೃಷ್ಟಿ ಹೋಗಿತ್ತು. ನಾಲ್ಕು ದಶಕ ನೋಡುವುದನ್ನೇ ಬದುಕಾಗಿ ಮಾಡಿಕೊಂಡವಳು ಕೊನೆಯಲ್ಲಿ ಕಾಣದೆ ಹೋದಳು ಎಂಬುದನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಅವಳು ಕಾದಿಟ್ಟದ್ದು ಉಳಿಯಿತು. ಸ್ಕಾಲ್ಟ್ ಹೆಡ್ ೧೯೫೪ರಲ್ಲಿ ರಾಷ್ಟ್ರೀಯ ನಿಸರ್ಗಧಾಮವಾಯಿತು. ರೀವಗಳು ಇಂದಿಗೂ ಅಲ್ಲಿ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಬಿಟರ್ನ್ ಹಕ್ಕಿಗೆ ಮತ್ತೆ ಕೆಟ್ಟ ಕಾಲ ಬಂದು ೧೯೯೭ರಲ್ಲಿ ಬ್ರಿಟನ್ನಿನಲ್ಲೆಲ್ಲ ಕೂಗುವ ಗಂಡುಗಳು ೧೧ ಮಾತ್ರ ಉಳಿದಿದ್ದವು. ಜೊಂಡಿನ ಜಾಗಗಳನ್ನು ದುರಸ್ತಿ ಮಾಡಿದರು. ಈಗ ಆ ಸಂಖ್ಯೆ ೨೦೦ನ್ನು ದಾಟಿದೆ. ಉಳಿಸುವ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ, ಮನೆಗೆಲಸದ ಹಾಗೆ ದಿನವೂ ಮಾಡಬೇಕಾದದ್ದು. ಅದಕ್ಕೇ ಇರಬೇಕು, ಹೆಂಗಸರಿಗೆ ಅದು ಬೇಗ ಅರ್ಥವಾದದ್ದು.